ಮುಧೋಳ ನಾಯಿಯ ಬಿಸ್ಕತ್ತು

ಹದಿಹರೆಯದವರಿಗೆ ನಾಯಿ ಪಳಗಿಸುವುದನ್ನು ಕಲಿಸುವ ಟೀವಿ ಕಾರ್ಯಕ್ರಮಕ್ಕಾಗಿ ಎಷ್ಟೋ ಊರು ಸುತ್ತಿದವಳು ನಾನು. ಬಿಸ್ಕತ್ತು ತೋರಿಸಿದರೂ ಕೂರದ ನಾಯಿಯನ್ನು ಎಲ್ಲೂ ಕಂಡಿರಲಿಲ್ಲ. ಲೋಕಾಪುರದ ಹತ್ತಿರ ಒಂದು ಹೊಲದಲ್ಲಿ ಚಿತ್ರೀಕರಣಕ್ಕೆ ನಿಂತಾಗ, ಕಾಲೇಜು ಹುಡುಗಿ ಸವಿತಾಳ ಮುಧೋಳ ನಾಯಿಯೂ ಕೂತೇ ಕೂರುತ್ತದೆ ಎಂದುಕೊಂಡಿದ್ದೆ.

"ಇವತ್ತೂ ಆಡಿನ ಬೆನ್ನು ಹತ್ತಿತಂದ್ರ ನಾಯಿನ್ನ ಬೀಳಗಿ ಮಾಮಾನ ಮನಿಗೆ ಕಳಸ್ತೇನಿ ನೋಡು," ಎಂದು ಅವಳಪ್ಪ ಮೊದಲೇ ಹೇಳಿದ್ದರು.

ಕ್ಯಾಮೆರಾ ಶುರುವಾಗುವಷ್ಟರಲ್ಲಿ ಆಡಿನ ಹಿಂಡೇ ಬಂತು. ನಾಯಿ ಕತ್ತು ನಿಗುರಿಸಿತು. ನಾನು ಬಿಸ್ಕತ್ತು ಆಡಿಸುತ್ತ "ಕೂತ್ಕೋ, ಕೂತ್ಕೋ" ಎಂದೆ. ಅದು ನನ್ನ ಕಡೆ ನೋಡಲೂ ಇಲ್ಲ.

"ಅಕ್ಕಾರ, ನೀವು ಸುಮ್ನ ನಿಂದರ್ರಿ. ಇದರ ಜೀವ ಎಲ್ಲಾ ಕಣ್ಣಾಗ ಐತಿ," ಎಂದ ಸವಿತಾ, ನಾಯಿಯ ಎದುರಿಗೆ ಹೋಗಿ ದುಪಟ್ಟಾ ಅಗಲಿಸಿ ಹಿಡಿದಳು. ಆಡುಗಳು ಕಾಣದಾದವು. ನಾಯಿಯ ಕತ್ತು ಮೆಲ್ಲಗೆ ಇಳಿಯಿತು. ಹಿಂಡು ದಾಟುವವರೆಗೆ ನಾನೂ ಅಲುಗಲಿಲ್ಲ.

"ಇರಲಿ ಬಿಡು ನಾಯಿ, ನಮ್ಮ ಮನ್ಯಾಗ," ಎಂದರು ಅವಳಪ್ಪ. ಆಮೇಲೆ ನನ್ನ ಕೈ ನೋಡಿ, "ಆ ಬಿಸ್ಕೀಟ್ ನೀವ ತಿನ್ರಿ ಅಕ್ಕಾರ. ಹೇಳಿದ ಮಾತು ಕೇಳಿ ಸುಮ್ನ ನಿಂತವ್ರು ನೀವ."

ತಿಂದೆ. ಗಳಿಸಿದ ಬಿಸ್ಕತ್ತಿಗೆ ರುಚಿ ಜಾಸ್ತಿ ಎಂದು ನಾಯಿಗಳ ಬಗ್ಗೆ ನಾನೇ ಎಷ್ಟೋ ಸಲ ಹೇಳಿದ್ದೇನೆ.