ಮಗಳಿಗಾಗಿ ಹಿಡಿದ ಒಪ್ಪತ್ತು

ಬುಧವಾರ ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ತಿಕೋಟಾದಿಂದ ವಿಜಯಪುರದ ಆಸ್ಪತ್ರೆಗೆ ಹೋಗುವುದು ಈಗ ಏಳು ತಿಂಗಳ ರೂಢಿ. ಅವಳಿಗೆ ಹತ್ತೊಂಬತ್ತು. ಊಟ ಬಿಟ್ಟಿದ್ದಾಳೆ. ಪೂರ್ತಿ ಬಿಟ್ಟಿಲ್ಲ, ಅರ್ಧ ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಮೂರು ನಾಲ್ಕು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಪಲ್ಯದ ಕೆಳಗೆ ಮುಚ್ಚಿಡುತ್ತಾಳೆ. ದಪ್ಪಗಾಗುತ್ತೇನೆ ಎಂಬ ಭಯ. ಬಸ್ಸಿನ ಸೀಟು ಎಲುಬಿಗೆ ಒತ್ತುತ್ತದೆಂದು ನಾನು ಹಳೆಯ ಕೌದಿಯೊಂದನ್ನು ಮಡಚಿ ಒಯ್ಯುತ್ತೇನೆ.

ಅಲ್ಲಿ ಅವಳ ಜೊತೆ ಮಾತಾಡುವ ಮೇಡಂ ಒಬ್ಬರಿದ್ದಾರೆ. ಊಟ ಮಾಡು ಎಂದು ಅವರು ಒಮ್ಮೆಯೂ ಹೇಳಿದವರಲ್ಲ. ಹಾಳೆಯ ಮೇಲೆ ಗೆರೆ ಎಳೆದು, ಸೊನ್ನೆಯಿಂದ ಹತ್ತರವರೆಗೆ ಬರೆದು, ಬದಲಾಗಲು ಎಷ್ಟು ತಯಾರಿದ್ದೀ, ಬೆರಳಿಟ್ಟು ತೋರಿಸು ಎನ್ನುತ್ತಾರೆ. ಮೊದಲ ಸಲ ಮಗಳು ಎರಡರ ಮೇಲಿಟ್ಟಳು. ಬರೇ ಎರಡೇ ಎಂದು ನನ್ನ ಬಾಯಿಂದ ಬಂತು. ಮೇಡಂ ಮಾತ್ರ, ಸೊನ್ನೆ ಯಾಕಲ್ಲ ಎಂದು ಕೇಳಿದರು. ಕೂದಲು ಉದುರಾಕತ್ತಾವು ಎಂದಳು. ಸದ್ಯ ಆ ಎರಡೇ ನಮಗೆ ಹಿಡಿಕೆ, ತಯಾರಿಲ್ಲದವರನ್ನು ಎಳೆದರೆ ಹಿಂದಕ್ಕೇ ಸರಿಯುತ್ತಾರೆ ಎಂದು ಆಮೇಲೆ ನನ್ನನ್ನು ಹೊರಗೆ ಕೂರಿಸಿ ತಿಳಿಹೇಳಿದರು.

ನಾಲ್ಕು ತಿಂಗಳಿಗೆ ಬೆರಳು ನಾಲ್ಕಕ್ಕೆ ಬಂತು. ಆದರೆ ತೂಕ ಇಳಿಯುತ್ತಲೇ ಇತ್ತು. ಹೀಗೇ ಇಳಿದರೆ ಆಸ್ಪತ್ರೆಗೆ ಭರ್ತಿ ಮಾಡಿ ಮೂಗಿನ ನಳಿಕೆಯಿಂದ ಉಣಿಸಬೇಕಾದೀತು ಎಂದರು ಡಾಕ್ಟರು. ಆ ಮಾತಿಗೆ ಹೆದರಿ ಬಬಲೇಶ್ವರದ ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಮರುದಿನವೇ ಬಂದು, ಗೆರೆ ಎಳೆಯೋದು ಸಾಕು, ದೇವರಿಗೊಂದು ಬೇಡಿಕೋ ಎಂದಳು. ಮಗಳು ಪೂರ್ತಿ ಒಂದು ರೊಟ್ಟಿ ಉಣ್ಣುವವರೆಗೆ ನನ್ನದು ಒಪ್ಪತ್ತು, ದೀಪ ಹಚ್ಚಿದ ಮೇಲೆ ಒಂದೇ ಊಟ ಎಂದು ದೇವರ ಜಗಲಿಯ ಮುಂದೆ ನಿಂತು ಬೇಡಿಕೊಂಡೆ.

ನಮ್ಮ ಮನೆಗಳಲ್ಲಿ ಏನೇ ಸಂಕಟ ಬಂದರೂ ಹೆಂಗಸರು ಮೊದಲು ಬಿಡುವುದು ಊಟವನ್ನೇ. ಅವ್ವ ಬಿಟ್ಟಿದ್ದಳು, ಅತ್ತೆ ಬಿಟ್ಟಿದ್ದರು. ಬೇರೆ ದಾರಿ ನನಗೆ ಹೊಳೆಯಲೇ ಇಲ್ಲ. ಹದಿನೈದು ದಿನಕ್ಕೆ ಓಣಿಗೆಲ್ಲ ಗೊತ್ತಾಯಿತು. ಮುಖದಾಗ ಏನ ಕಳೆ ಬಂದೈತ್ರಿ ಎಂದು ಪಕ್ಕದ ಮನೆಯಾಕೆ ಹೊಗಳಿದಳು, ಮಗಳ ಎದುರಿಗೇ.

ಮುಂದಿನ ಬುಧವಾರ ಬೆರಳು ಒಂದರ ಮೇಲೆ ಕೂತಿತು. ಏನಾಯಿತು ಎಂದು ಮೇಡಂ ಕೇಳಿದರು. ಮಗಳು ನನ್ನ ಕಡೆ ನೋಡದೆ ಹೇಳಿದಳು:

“ನಮ್ಮವ್ವ ಊಟಾ ಬಿಟ್ರ ಮುಖದಾಗ ಕಳೆ. ನಾ ಬಿಟ್ರ ಅದು ರೋಗ ಏನ್ರಿ ಮೇಡಂ?”

ಮೇಡಂ ಹಾಳೆಯನ್ನು ನನ್ನ ಮುಂದೆ ಸರಿಸಿ, ಒಪ್ಪತ್ತು ಬಿಡಲು ನೀವೆಷ್ಟು ತಯಾರಿದ್ದೀರಿ, ತೋರಿಸಿ ಎಂದರು. ಮಗಳ ಸಲುವಾಗಿ ಹತ್ತರ ಮೇಲೆ ಇಡಬೇಕಾದ ಬೆರಳು. ಏಳಲಿಲ್ಲ. ದೇವರಿಗೆ ಹೇಳಿದ ಮಾತು ಮುರಿದು ನಾನು ಮಧ್ಯಾಹ್ನ ಉಂಡು, ಸಂಜೆ ಇವಳಿಗೇನಾದರೂ ಆದರೆ? ಬಹಳ ಹೊತ್ತಿನ ಮೇಲೆ ಎರಡರ ಮೇಲಿಟ್ಟೆ.

“ಸುಳ್ಳ ಹೇಳಬ್ಯಾಡ ಬೇ,” ಎಂದಳು ಮಗಳು. “ನಿಂದು ಸೊನ್ನಿ ಐತಿ.”

ಅವಳು ಹೇಳಿದ್ದೇ ಖರೆ. ಮರುದಿನ ಮಧ್ಯಾಹ್ನ ತಾಟು ಹಾಕಿಕೊಂಡು ಕೂತೆ, ತುತ್ತು ಮುರಿದೆ, ಬಾಯಿಯ ತನಕ ತಂದೆ. ತಿರುಗಿ ತಾಟಿನಲ್ಲೇ ಇಟ್ಟೆ. ಮತ್ತೆರಡು ದಿನವೂ ಅಷ್ಟೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಳು. ಇಬ್ಬರು ಉಪವಾಸ ಕೂತು ನೋಡಿದರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲವೆಂದು ಯಜಮಾನರು ಈಗ ಬುತ್ತಿ ಕಟ್ಟಿಸಿಕೊಂಡು, ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಒಬ್ಬರೇ ಉಣ್ಣುತ್ತಾರೆ.

ಅದಾಗಿ ಎರಡು ತಿಂಗಳಾಯಿತು. ಮೇಡಂ ಈಗ ಇಬ್ಬರನ್ನೂ ಕೇಳುತ್ತಾರೆ. ಅವಳದು ಒಂದು, ನಾನು ತೋರಿಸುವುದು ಈಗಲೂ ಎರಡು. ಕಳೆದ ಬುಧವಾರ ಡಾಕ್ಟರು ಭರ್ತಿಯ ಚೀಟಿ ಬರೆದುಕೊಟ್ಟರು.

ಇವತ್ತು ಮಧ್ಯಾಹ್ನ ಚೀಲ ತುಂಬುತ್ತಿದ್ದೆ. ಅವಳ ಎರಡು ಚೂಡಿದಾರ, ಟವೆಲು, ಒಂದು ಲೋಟ. ಅವಳು ಗೋಡೆಗೆ ಒರಗಿ ಕೂತಿದ್ದಳು; ಈಗ ನಿಂತರೆ ತಲೆ ತಿರುಗುತ್ತದೆ.

“ನನಗ ನಳಿಗಿ ಹಾಕಿದ ಮ್ಯಾಲೂ ನೀ ಒಪ್ಪತ್ತ ಮಾಡಾಕಿ ಏನ ಬೇ?” ಎಂದು ಕೇಳಿದಳು.

ನಾನು ಚಾದರು ಮಡಚಿ ಚೀಲಕ್ಕೆ ಹಾಕಿ, ದೇವರ ಜಗಲಿಯ ಮೇಲಿನ ದೀಪವನ್ನೂ ಅದರೊಳಗೆ ಇಟ್ಟೆ.