ಲಿಸ್ಬನ್ನಿನಲ್ಲಿ ಇಬ್ಬರಿಗೆ ಒಂದು ಮನೆ

ಆ ಸಂಜೆ ನಾವಿಬ್ಬರೂ ಲಿಸ್ಬನ್ನಿನ ಒಂದು ಅಡುಗೆಮನೆಯ ವಿಚಾರಕ್ಕೆ ಜಗಳವಾಡುತ್ತಿದ್ದೆವು. ಜಗಳ ನಡೆದದ್ದು ಹೊಳೆನರಸೀಪುರದ ನನ್ನ ಮನೆಯ ಜಗಲಿಯಲ್ಲಿ. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಟ್ಯಾಬಿನ ಮೇಲೆ ಎರಡು ಬೆರಳಿಟ್ಟು, ಪೋರ್ಚುಗಲ್ ದೇಶದ ಯಾರದೋ ಮನೆಯ ಒಲೆಯನ್ನು ಹಿಗ್ಗಿಸಿ ನೋಡುತ್ತಿದ್ದಳು. ನಾನು ಅವರೆಕಾಯಿ ಬಿಡಿಸುತ್ತಿದ್ದೆ.

“ಪಾಪ, ಈ ಒಲೆ ನೋಡು. ನಾಕು ಉರಿ ಐತೆ. ಪಕ್ಕದಲ್ಲೇ ಕಿಟಕಿ. ಒಗ್ಗರಣೆ ಘಾಟು ಸೀದಾ ಆಚೆಗೆ ಓಯ್ತದೆ.”

ಅರವತ್ತು ದಾಟಿದ ಮೇಲೂ ನಾನು ಅವಳಿಗೆ ‘ಪಾಪ’ನೇ, ಎಳೆಮಗುವೇ.

“ಈ ಸಲ ಹೋಟ್ಲಲ್ಲೇ ಇರಾನ ಕಣಕ್ಕ,” ಅಂದೆ. “ಲಿಫ್ಟ್ ಇರ್ತದೆ. ಹಾಸಿಗೆ ಅವರೇ ಹಾಸ್ತಾರೆ, ಬೆಳಿಗ್ಗೆ ತಿಂಡಿ ಅವರೇ ಕೊಡ್ತಾರೆ. ನನ್ ಮಂಡಿ ವಸಿ ನೋಡು.”

“ಹೋಟ್ಲಲ್ಲಿ ಉಣ್ಣಾಕೆ ಇಮಾನ ಯಾಕೆ ಅತ್ಬೇಕು? ಆಸನದ ಬಸ್ ಸ್ಟ್ಯಾಂಡ್ ತಾವ ಬೇಕಾದಷ್ಟವೆ. ಓಗಿ ಒಂದು ರೂಮು ಮಾಡ್ಕೊಂಡು ಇದ್ದು ಬಾ, ನಾನು ಲಿಸ್ಬನ್ ನೋಡ್ಕೊಂಡು ಬತ್ತೀನಿ.”

ಯಾವತ್ತಿನಂತೆ ಅವಳೇ ಗೆದ್ದಳು. ಮನೆ ಬುಕ್ ಆಯಿತು: ಇಬ್ಬರು ಅತಿಥಿಗಳು, ಒಂದು ವಾರ. ಅವರೆಕಾಳಿನ ಸಾರಿಗೆ ಮುದ್ದೆ ಉಂಡು ಮಲಗಿದೆವು. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ಕರೆದರೆ ಅಕ್ಕ ಏಳಲಿಲ್ಲ.

ಹೊಳೆನರಸೀಪುರದ ಇಬ್ಬರು ವಯಸ್ಸಾದ ಹೆಂಗಸರಿಗೆ ಲಿಸ್ಬನ್ನಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ಬೀದಿಯವರೂ ಅದನ್ನೇ ಕೇಳುತ್ತಿದ್ದರು, ಆದರೆ ಅಕ್ಕ ಮನೆಯಲ್ಲಿ ಇಲ್ಲದ ಹೊತ್ತು ನೋಡಿ.

ಅಕ್ಕ ಚನ್ನರಾಯಪಟ್ಟಣದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಳು. ಮದುವೆಯಾಗಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ನಿವೃತ್ತಿಯವರೆಗೂ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದಳು, ಹಾಸ್ಟೆಲಿನ ನೀರುಸಾರನ್ನೇ ಉಂಡಳು. ಅವಳು ನಿವೃತ್ತಳಾಗುವ ಹೊತ್ತಿಗೆ ನನ್ನ ಗಂಡ ತೀರಿಕೊಂಡಿದ್ದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದುಕೊಂಡು ಒಬ್ಬಳೇ ಇದ್ದೆ. ಅಕ್ಕ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತೆಗೆದುಕೊಂಡು ನನ್ನಲ್ಲಿಗೆ ಬಂದಳು. ಅವಳು ಬಿ.ಎ., ನಾನು ಎಸ್ಸೆಸ್ಸೆಲ್ಸಿ. ಹಾಗಾಗಿ ಪ್ರಪಂಚವನ್ನು ನೋಡಿ ಅರ್ಥಮಾಡಿಕೊಳ್ಳುವ ಜವಾಬ್ದಾರಿ ಅವಳದು, ಹಿಂದೆ ಹಿಂದೆ ಚೀಲ ಹೊರುವುದು ನನ್ನದು ಎಂದು ಮಾತಿಲ್ಲದೆ ತೀರ್ಮಾನವಾಯಿತು.

ಮೊದಲ ಸಲ ಹಾಸನದಿಂದ ಹೊರಟ ಒಂದು ತಂಡದ ಜೊತೆ ಯುರೋಪಿಗೆ ಹೋದೆವು. ತಂಡದ ಪ್ರವಾಸ ಅಂದರೆ ನಿಮಗೆ ಗೊತ್ತಲ್ಲ, ಬಸ್ಸಿನ ಕಿಟಕಿಯಲ್ಲಿ ದೇಶಗಳು ಓಡುತ್ತವೆ. ನಾವು ನಿದ್ದೆ ಮಾಡುತ್ತಿರುತ್ತೇವೆ. ಹೋಟೆಲುಗಳೆಲ್ಲ ಒಂದೇ ಥರ. ತೆರೆಯಲಾಗದ ಕಿಟಕಿ, ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ ಹೊದಿಕೆ, ಅದನ್ನು ಕೀಳುವುದರಲ್ಲೇ ಅರ್ಧ ಬಲ ಹೋಗುತ್ತಿತ್ತು. ನಮ್ಮ ತಂಡದವರು ರೂಮಿನ ಟೀ ಕೆಟಲಿನಲ್ಲೇ ಉಪ್ಪಿಟ್ಟು ಮಾಡುವುದನ್ನು ಕಂಡುಹಿಡಿದರು. ಒಬ್ಬರು ಅದರಲ್ಲೇ ಅನ್ನ ಮಾಡಿ, ಮರುದಿನ ಅದೇ ಕೆಟಲಿನಲ್ಲಿ ಟೀ ಕಾಯಿಸಿ, “ಯುರೋಪಿನ ನೀರೇ ಸರಿಯಿಲ್ಲ” ಎಂದು ತೀರ್ಪು ಕೊಟ್ಟರು.

ವಿಯೆನ್ನಾದ ಒಂದು ಬೀದಿಯಲ್ಲಿ ಬಸ್ಸು ನಿಂತಿತ್ತು. ಎಲ್ಲರೂ ಎಡಗಡೆಯ ಅರಮನೆಯ ಫೋಟೋ ತೆಗೆಯುತ್ತಿದ್ದರು. ಅಕ್ಕ ಬಲಗಡೆ ನೋಡುತ್ತಿದ್ದಳು. ಅಲ್ಲಿ ಎರಡನೆಯ ಮಹಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸು ಚಾಪೆ ಕೊಡವುತ್ತಿದ್ದಳು.

“ಅರಮನೆ ಯಾರ್ ಬೇಕಾದ್ರೂ ತೋರಿಸ್ತಾರೆ,” ಅಂದಳು ಅಕ್ಕ. “ನಂಗೆ ಆಯಮ್ಮನ ಮನೆ ನೋಡ್ಬೇಕು ಕಣೆ.”

ಮುಂದಿನ ಸಲ ಅದೇ ವಿಯೆನ್ನಾದಲ್ಲಿ ನಾವೇ ಒಂದು ಮನೆ ಬಾಡಿಗೆಗೆ ಹಿಡಿದೆವು.

ಇದರಿಂದ ಅತಿ ಹೆಚ್ಚು ಬೇಸರವಾದದ್ದು ನಮ್ಮ ತಮ್ಮ ರಂಗಸ್ವಾಮಿಗೆ. ಅರಕಲಗೂಡಿನಲ್ಲಿ ಅವನದೊಂದು ಲಾಡ್ಜ್ ಇದೆ. ಅಕ್ಕಂದಿರು ಹೋಟೆಲು ಬೇಡವೆನ್ನುವುದು ಅವನ ಕಸುಬಿಗೇ ಬಗೆದ ದ್ರೋಹವೆಂದು ಅವನ ಭಾವನೆ.

“ಲಾಡ್ಜಲ್ಲಿ ಏನ್ ಕಮ್ಮಿ ಆಯ್ತದೆ ಏಳಕ್ಕ ನಿಂಗೆ?”

“ನಿನ್ ಲಾಡ್ಜಲ್ಲಾ? ದಿಂಬಿನ ಕವರು ಒಗೆಯೋದು ಕಮ್ಮಿ ಆಯ್ತದೆ ಕಣ್ಲಾ.”

ವಿಯೆನ್ನಾದ ಮನೆಯಲ್ಲಿ ಬರಮಾಡಿಕೊಳ್ಳಲು ಯಜಮಾನಿ ಇರಲಿಲ್ಲ. ಗೋಡೆಗೆ ಒಂದು ಪುಟ್ಟ ಡಬ್ಬಿ, ಅದಕ್ಕೆ ಅಂಕಿಗಳ ಬೀಗ, ಒಳಗೆ ಬೀಗದಕೈ. ಕೊಟ್ಟವರ ಮುಖ ನೋಡದೆ ಮನೆಯೊಳಕ್ಕೆ ಹೋಗುವುದು ಕಳ್ಳರ ಪದ್ಧತಿ ಎಂದು ಅಕ್ಕ ಬಾಗಿಲಲ್ಲೇ ತಕರಾರು ತೆಗೆದಳು. ಒಳಗೆ ಹೋದ ಮೇಲೆ ವಾರ್ಡನ್ ಆದಳು. ಹಾಸಿಗೆ ಎತ್ತಿ ನೋಡಿದಳು, ನಲ್ಲಿ ತಿರುಗಿಸಿದಳು, ಬೀರುವಿನ ಮೇಲೆ ಬೆರಳಾಡಿಸಿ ಧೂಳನ್ನು ನನಗೆ ತೋರಿಸಿದಳು, ನಾನೇ ಆ ಮನೆಯ ಆಯಾ ಅನ್ನುವ ಹಾಗೆ. ಅಡುಗೆಮನೆಯಲ್ಲಿ ಸಾಲುಸಾಲು ವೈನ್ ಗ್ಲಾಸು, ಮುದ್ದೆ ತೊಳಸುವಷ್ಟು ಗಟ್ಟಿಯಾದ ಒಂದು ಪಾತ್ರೆ ಇಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಫಲಕ ಇತ್ತು. ಅಕ್ಕ ಓದಿ ಹೇಳಿದಳು: “ಇಲ್ಲಿಯವರಂತೆ ಬದುಕಿ ಅಂತ ಬರ್ದವ್ರೆ. ಇಲ್ಲಿಯೋರು ಉಣ್ಣಲ್ವೇನೆ, ಬರೀ ಕುಡೀತಾರಾ?” ಅಲ್ಲಿದ್ದಷ್ಟು ದಿನವೂ ನಾವು ಉದ್ದಕಾಲಿನ ವೈನ್ ಗ್ಲಾಸುಗಳಲ್ಲಿ ಮಜ್ಜಿಗೆ ಕುಡಿದೆವು.

ಹೊಸ ಮನೆಗೆ ಕಾಲಿಟ್ಟ ಮೇಲೆ ಹಾಲು ಉಕ್ಕಿಸಬೇಕಲ್ಲ. ನಾಲ್ಕು ದಿನದ ಬಾಡಿಗೆ ಮನೆಗೆ ಅದೆಲ್ಲ ಯಾಕೆ ಎಂದು ನಾನು ಅಂದೆ. “ಮನೆ ಅಂದ್ಮೇಲೆ ಮನೇನೇ,” ಎಂದು ಅಕ್ಕ ಪೂರ್ವಕ್ಕೆ ಮುಖ ಮಾಡಿ, ಯಾವುದು ಪೂರ್ವ ಎಂದು ಗೊತ್ತಿಲ್ಲದಿದ್ದರೂ, ಹಾಲಿಟ್ಟಳು. ಗಾಜಿನ ಒಲೆ. ಹಾಲು ಉಕ್ಕಿತು, ಹರಿಯಿತು, ಸೀದು ಹೊಗೆಯಾಯಿತು. ಛಾವಣಿಯಲ್ಲಿದ್ದ ಬಿಳಿಯ ಯಂತ್ರವೊಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚಿಕೊಂಡಿತು. ಕೆಳಮನೆಯ ಮುದುಕರೊಬ್ಬರು ಮನೆಚಪ್ಪಲಿಯಲ್ಲೇ ಓಡಿಬಂದು, ಸ್ಟೂಲು ಹತ್ತಿ ಅದನ್ನು ಸುಮ್ಮನಾಗಿಸಿದರು. ಬೆಂಕಿ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು. ಅಕ್ಕ ಉಳಿದ ಹಾಲಿಗೆ ಸಕ್ಕರೆ ಹಾಕಿ ಗ್ಲಾಸಿನಲ್ಲಿ ಅವರ ಕೈಗಿಟ್ಟು, “ಗೃಹಪ್ರವೇಶ, ಟೇಕ್, ಟೇಕ್” ಅಂದಳು. ಅವರು ವೈನ್ ಗ್ಲಾಸಿನ ಬಿಸಿ ಹಾಲನ್ನು ಒಮ್ಮೆ ನೋಡಿ, ನಮ್ಮಿಬ್ಬರನ್ನು ಒಮ್ಮೆ ನೋಡಿ, ನಿಂತೇ ಕುಡಿದರು. ಮರುದಿನ ಒಂದು ತುಂಡು ಕೇಕ್ ತಂದುಕೊಟ್ಟರು. ಹೋಟೆಲಿನಲ್ಲಿ ಇಂಥದ್ದು ಆಗಿದ್ದರೆ ದಂಡ ಹಾಕುತ್ತಿದ್ದರು ಎಂಬುದನ್ನು ಅಕ್ಕ ತನ್ನ ವಾದಕ್ಕೆ ಸಾಕ್ಷಿಯಾಗಿ ಬಹಳ ದಿನ ಬಳಸಿದಳು.

ಹೊರಡುವಾಗ ಅವಳು ಆ ಮನೆಯನ್ನು ಉಜ್ಜಿ ತೊಳೆದ ರೀತಿಗೆ ಯಜಮಾನಿ ಐದು ನಕ್ಷತ್ರ ಕೊಟ್ಟಳು. ಈ ಮನೆಗಳ ವ್ಯವಹಾರದಲ್ಲಿ ನಾವು ಮನೆಗೆ ಅಂಕ ಕೊಡುತ್ತೇವೆ, ಮನೆಯವರು ನಮಗೆ ಅಂಕ ಕೊಡುತ್ತಾರೆ. ಇಲಾಖೆಯವರು ತಪಾಸಣೆಗೆ ಬಂದಾಗಲೆಲ್ಲ ಬರೀ ಟೀಕೆಯನ್ನೇ ಬರೆಸಿಕೊಂಡಿದ್ದ ಅಕ್ಕ ಆ ನಕ್ಷತ್ರಗಳನ್ನು ಬಂದವರಿಗೆಲ್ಲ ತೋರಿಸಿದಳು.

ಎರಡನೆಯ ಮನೆ ಪ್ರಾಗ್ ನಗರದಲ್ಲಿ. ಅಲ್ಲಿ ಗೋಡೆಯ ತುಂಬ ನಿಯಮಗಳು: ರಾತ್ರಿ ಸದ್ದು ಕೂಡದು, ಒಳಗೆ ಚಪ್ಪಲಿ ಕೂಡದು, ಕಸವನ್ನು ಬಣ್ಣಬಣ್ಣದ ಡಬ್ಬಗಳಿಗೆ ಬೇರೆ ಮಾಡಿ ಹಾಕಬೇಕು. ಸಾರಿನಲ್ಲಿ ಉಳಿದ ಕರಿಬೇವು ಯಾವ ಬಣ್ಣಕ್ಕೆ ಸೇರುತ್ತದೆ ಎಂದು ಅಕ್ಕ ಯಜಮಾನನಿಗೆ ಮೆಸೇಜು ಹಾಕಿ ಕೇಳಿದಳು. ಅವನು ಕರಿಬೇವು ಎಂದರೇನೆಂದು ಕೇಳಿದ. ಅದಕ್ಕೆ ಅವಳು ಕೊಟ್ಟ ಉತ್ತರ ಓದಿ ಮುಗಿಸಲು ಅವನಿಗೆ ಒಂದು ದಿನ ಬೇಕಾಗಿರಬೇಕು. ನಮ್ಮ ಸೀರೆಗಳು ಬೀದಿಯ ಕಡೆಯ ಬಾಲ್ಕನಿಯಿಂದ ಕೆಳಮಹಡಿಯವರ ಕಿಟಕಿಯವರೆಗೆ ಇಳಿಬಿದ್ದಾಗ ಮಾತ್ರ ಅವನ ಮೆಸೇಜು ಕೂಡಲೇ ಬಂತು.

ಇಷ್ಟಕ್ಕೆಲ್ಲ ಅಷ್ಟು ದೂರ ಹೋಗಬೇಕಿತ್ತೇ ಎಂದು ನಿಮಗೆ ಅನಿಸಿದರೆ ತಪ್ಪಲ್ಲ. ಪ್ರಾಗಿನ ಕೋಟೆಯನ್ನು ನಾವು ಒಂದು ಬೆಳಿಗ್ಗೆ ನೋಡಿ ಮುಗಿಸಿದೆವು. ತರಕಾರಿ ಅಂಗಡಿಗೆ ಮಾತ್ರ ದಿನಾ ಹೋಗುತ್ತಿದ್ದೆವು. ಊರಿಗೆ ಬಂದ ಮೇಲೆ ಎದುರುಮನೆಯವರು ಏನೇನು ನೋಡಿದಿರಿ ಎಂದು ಕೇಳಿದರೆ, “ಅಲ್ಲೂ ಕೋಸು ಚೆನ್ನಾಗಿ ಬತ್ತದೆ ಕಣವ್ವ” ಅನ್ನುವ ಅಕ್ಕನ ಉತ್ತರದಿಂದ ಅವರಿಗೆ ಭಾರಿ ನಿರಾಸೆಯಾಗುತ್ತಿತ್ತು.

ಆ ಪ್ರಾಗಿನ ಮನೆಯಲ್ಲಿ ಒಂದು ಮಧ್ಯಾಹ್ನ ನಾನು ಹೊರಗಿನಿಂದ ಬಂದು, ಅಭ್ಯಾಸಬಲದಿಂದ ನೇರ ಒಲೆಯ ಹತ್ತಿರ ಹೋದೆ. ಅಕ್ಕ ನನ್ನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

“ನಮ್ಮನೆಗೆ ಬಂದಿದ್ದೀಯ. ಸುಮ್ನೆ ಕೂತ್ಕೋ. ನಾನ್ ಬಡಿಸ್ತೀನಿ.”

ತಮಾಷೆಗೆ ಅಂದಳು ಎಂದುಕೊಂಡು ನಕ್ಕೆ. ಆದರೆ ಊಟ ಮಾಡುತ್ತಾ ಅವಳನ್ನೇ ನೋಡಿದೆ. ಅವಳ ಬಟ್ಟೆಗಳು ದೊಡ್ಡ ಬೀರುವಿನ ನಡುವಿನ ಖಾನೆಯಲ್ಲಿದ್ದವು. ಉಪ್ಪು, ಖಾರ, ಬೇಳೆ ಎಲ್ಲಿರಬೇಕೆಂದು ಅವಳೇ ತೀರ್ಮಾನಿಸಿದ್ದಳು. ಯಾರು ಯಾವ ಮಗ್ಗುಲಿಗೆ ಮಲಗಬೇಕೆಂದು ಅವಳೇ ಹೇಳಿದ್ದಳು. ಹೊಳೆನರಸೀಪುರದಲ್ಲಿ ಅಷ್ಟು ವರ್ಷ ಇದ್ದರೂ ಅವಳ ಬಟ್ಟೆ ಟ್ರಂಕಿನಿಂದ ಬೀರುವಿಗೆ ಬಂದಿರಲಿಲ್ಲ. ಬೀರುವಿನಲ್ಲಿ ಜಾಗವಿದೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. “ಇರ್ಲಿ ಬುಡು” ಅನ್ನುತ್ತಿದ್ದಳು. ಒಂದು ಚಮಚ ತುಪ್ಪ ಹಾಕಿಕೊಳ್ಳಬೇಕಾದರೂ, “ಪಾಪ, ತುಪ್ಪ ತಗೊಳ್ಳಾ?” ಎಂದು ಕೇಳುತ್ತಿದ್ದಳು. ಬಂದವರ ಹತ್ತಿರ ಮಾತಾಡುವಾಗ ಆ ಮನೆ ಯಾವತ್ತೂ ‘ನಮ್ಮ ಪಾಪನ ಮನೆ’. ಇಲ್ಲಿ ನಾಲ್ಕು ದಿನಕ್ಕೆ ಬಾಡಿಗೆ ಹಿಡಿದ, ಯಾರದೋ ಮದುವೆಯ ಫೋಟೋ ಗೋಡೆಯ ಮೇಲಿರುವ ಈ ಮನೆ ‘ನಮ್ಮನೆ’.

ಹೋಟೆಲು ಯಾಕೆ ಬೇಡ ಎಂಬ ಜಗಳದಲ್ಲಿ ಅವಳು ಊಟದ ಮಾತು, ಒಲೆಯ ಮಾತು, ಕಿಟಕಿಯ ಮಾತು ಎಲ್ಲ ಆಡಿದ್ದಳು. ಇದೊಂದನ್ನು ಆಡಿರಲಿಲ್ಲ. ನಾನೂ ಕೇಳಲಿಲ್ಲ. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಅಕ್ಕನ ಹನ್ನೊಂದನೆಯ ದಿನದ ಕಾರ್ಯ ಮುಗಿದು, ಎಲೆ ಎತ್ತಿದ ಮೇಲೆ, ರಂಗಸ್ವಾಮಿ ಗೋಡೆಗೆ ಒರಗಿ ಕೂತು ನಿಧಾನವಾಗಿ ವಿಷಯಕ್ಕೆ ಬಂದ.

“ಆ ಬುಕಿಂಗು ಕ್ಯಾನ್ಸಲ್ ಮಾಡ್ಬುಡು. ನಿಂಗೆ ಓಗ್ಲೇಬೇಕು ಅಂದ್ರೆ ಆಸನದ ಟೂರ್‍ನೋರ ಜೊತೆ ಓಗು. ಹೋಟ್ಲು ಇರ್ತದೆ, ಜನ ಇರ್ತಾರೆ, ಒಂದು ಮಾತ್ರೆ ಬೇಕು ಅಂದ್ರೂ ಕೇಳೋರಿರ್ತಾರೆ. ಅಕ್ಕ ಇಲ್ದೆ ಆ ಮನೇಲಿ ಒಬ್ಳೇ ಏನ್ ಮಾಡ್ತೀಯ?”

“ಅಡುಗೆ,” ಅಂದೆ.

“ಇಂಗ್ಲೀಷು?”

 ಅವನು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅಳಲು ಬಂದಿದ್ದ ನೆಂಟರೆಲ್ಲ ಅಳು ನಿಲ್ಲಿಸಿ ಲಿಸ್ಬನ್ನಿನ ಬಗ್ಗೆ ಸಲಹೆ ಕೊಡತೊಡಗಿದರು. ಅವರಲ್ಲಿ ಒಬ್ಬರೂ ಆ ಊರಿನ ಹೆಸರನ್ನು ಅವತ್ತಿನವರೆಗೆ ಕೇಳಿರಲಿಲ್ಲ. ಹಳ್ಳಿಮೈಸೂರಿನಿಂದ ಬಂದಿದ್ದ ಒಬ್ಬ ಚಿಕ್ಕಮ್ಮ ಮಾತ್ರ, “ಮನೆ ಅಂತ ಮಾಡಿಟ್ಟವ್ಳೆ ಅಂದ್ಮೇಲೆ ಒಂದ್ಸಲ ಓಗಿ ದೀಪ ಹಚ್ಚಿ ಬಾ ಅತ್ಲಾಗೆ” ಅಂದರು. ಅದು ಅಕ್ಕನೇ ಕಟ್ಟಿಸಿದ ಮನೆ ಎಂದು ಅವರು ತಿಳಿದಿದ್ದರು. ನಾನು ತಿದ್ದಲು ಹೋಗಲಿಲ್ಲ.

ಕ್ಯಾನ್ಸಲ್ ಮಾಡಲೆಂದೇ ಒಂದು ದಿನ ಟ್ಯಾಬು ತೆರೆದೆ. ಒಲೆಯ ಚಿತ್ರ ಅವಳು ಹಿಗ್ಗಿಸಿಟ್ಟ ಹಾಗೇ ಇತ್ತು. ಕ್ಯಾನ್ಸಲ್ ಗುಂಡಿ ಒತ್ತಿದರೆ ಅಕ್ಕನಿಗೆ ಈ ಭೂಮಿಯ ಮೇಲೆ ಇದ್ದ ಕಡೆಯ ಮನೆಯನ್ನು ನಾನೇ ಖಾಲಿ ಮಾಡಿಸಿದಂತಾಗುತ್ತದೆ ಅನ್ನಿಸಿತು. ಟ್ಯಾಬು ಮುಚ್ಚಿ, ಹೊಲಿಯಲು ಕೂತೆ.

ಈಗ ಇದನ್ನು ಬರೆಯುತ್ತಿರುವುದು ಲಿಸ್ಬನ್ನಿನ ಆ ಅಡುಗೆಮನೆಯಲ್ಲಿ ಕೂತು. ಒಬ್ಬಳೇ ಬಂದ ಸಾಹಸದ ಕಥೆ ನಿರೀಕ್ಷಿಸಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕವರಿಗೆಲ್ಲ ವಿಳಾಸದ ಚೀಟಿ ತೋರಿಸಿ, ಎಲ್ಲರಿಗೂ “ಥ್ಯಾಂಕ್ಯೂ” ಹೇಳಿ, ಕಾರಿನವನಿಗೆ ಎರಡು ಸಲ ಹೇಳಿ, ತಲುಪಿದೆ. ಲಿಫ್ಟ್ ಇಲ್ಲ. ಈ ಊರು ಪೂರ್ತಿ ಮೆಟ್ಟಿಲೇ. ನನ್ನ ಮಂಡಿ ಹೇಳಿದ್ದೇ ನಿಜವಾಯಿತು. ಆದರೆ ಒಲೆಯ ವಿಷಯದಲ್ಲಿ ಅಕ್ಕ ಹೇಳಿದ್ದು ನಿಜ. ಒಗ್ಗರಣೆಯ ಘಾಟು ಸೀದಾ ಆಚೆಗೆ ಹೋಗುತ್ತದೆ. ಎದುರು ಕಿಟಕಿಯ ಹೆಂಗಸು ಸೀನಿದಳು, ಆಮೇಲೆ ಕೈ ಬೀಸಿದಳು.

ಇಬ್ಬರು ಎಂದಿದ್ದ ಬುಕಿಂಗನ್ನು ನಾನು ಬದಲಾಯಿಸಿರಲಿಲ್ಲ. ಹೇಗೆ ಬದಲಾಯಿಸುವುದೆಂದು ಗೊತ್ತಿರಲಿಲ್ಲ ಎಂದು ರಂಗಸ್ವಾಮಿಗೆ ಹೇಳಿದ್ದೇನೆ. ಹಾಸಿಗೆಯ ಮೇಲೆ ಮಡಿಸಿಟ್ಟ ಎರಡು ಟವೆಲು, ಮೇಜಿನ ಮೇಲೆ ಎರಡು ಕಪ್ಪು. ಬೀರುವಿನ ನಡುವಿನ ಖಾನೆ ಖಾಲಿ ಬಿಟ್ಟು, ನನ್ನ ಬಟ್ಟೆಗಳನ್ನು ಕೆಳಗಿನದರಲ್ಲಿ ಇಟ್ಟಿದ್ದೇನೆ. ಉಪ್ಪಿನ ಡಬ್ಬಿ ಎಲ್ಲಿಡಬೇಕೆಂದು ತುಂಬ ಹೊತ್ತು ತೋಚಲಿಲ್ಲ.

ಸ್ವಲ್ಪ ಹೊತ್ತಿನ ಕೆಳಗೆ ಮನೆಯ ಯಜಮಾನನಿಂದ ಮೆಸೇಜು ಬಂತು. ಎಲ್ಲ ಅತಿಥಿಗಳಿಗೂ ಕಳಿಸುವಂಥದ್ದೇ ಇರಬೇಕು. ಮೊಬೈಲು ಅದನ್ನು ಕನ್ನಡಕ್ಕೆ ಮಾಡಿ ತೋರಿಸಿತು: ಸುಖವಾಗಿ ತಲುಪಿದಿರಾ? ಮನೆ ನಿಮ್ಮಿಬ್ಬರಿಗೂ ಹಿಡಿಸಿತೇ? ಏನಾದರೂ ಕೊರತೆ ಇದ್ದರೆ ದಯವಿಟ್ಟು ತಿಳಿಸಿ.

ಎದ್ದು ಎಲ್ಲವನ್ನೂ ಒಮ್ಮೆ ನೋಡಿ ಬಂದೆ. ನೀರು ಬರುತ್ತದೆ, ದೀಪ ಹತ್ತುತ್ತದೆ. ಪಾತ್ರೆ, ಚಾಕು, ಸೋಪು ಎಲ್ಲ ಇವೆ. “ಆಲ್ ಗುಡ್, ಥ್ಯಾಂಕ್ಯೂ” ಎಂದು ಬರೆದು ಕಳಿಸಿದೆ.

ಅಕ್ಕ ಇಲ್ಲ.