ಕಿವಿಯ ಬಳಿ ಒಂದು ಮೆಣಸಿನಕಾಯಿ

ನಮ್ಮ ಮಾರುಕಟ್ಟೆ ಕಚೇರಿಯ ಮೇಡಂ ಒಣಮೆಣಸಿನಕಾಯಿಯ ಬಣ್ಣಕ್ಕೆ ಮರುಳಾದವರಲ್ಲ. ಚೀಲದ ತಳಕ್ಕೆ ಮೊಣಕೈತನಕ ಕೈಯಿಳಿಸಿ, ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಒಣಗಿದ್ದರೆ ಒಳಗಿನ ಬೀಜ ಗಲಗಲ ಎನ್ನಬೇಕು. ತೂಕ ಬರಲೆಂದು ನೀರು ಚಿಮುಕಿಸಿದ್ದರೆ ಸದ್ದೇ ಇರುವುದಿಲ್ಲ. "ಕಣ್ಣ ನಂಬಬ್ಯಾಡ್ರಿ, ಕಿವಿ ಕೊಡ್ರಿ" ಎಂದು ಗುಮಾಸ್ತನಾದ ನನಗೆ ಎಷ್ಟು ಸಲ ಹೇಳಿದರೋ!

ಕುಂದಗೋಳ ಪೇಟೆಯ ಅಂಗಡಿ ಸಾಲಿನಲ್ಲಿ ಮೆಣಸಿನಕಾಯಿ ಅಂಗಡಿ ಹಾಕಿದ ಮೊದಲ ಹೆಂಗಸು ಅವರೇ. ಪರೀಕ್ಷೆ ಪಾಸಾಗಿ ಸರಕಾರಿ ನೌಕರಿ ಹಿಡಿದಾಗ ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದರು. ಮುಂದೆ ಅದೇ ಪೇಟೆಗೆ ಅಧಿಕಾರಿಯಾಗಿ ಬಂದರು. ಮೊದಲ ತಪಾಸಣೆಯ ದಿನ ನೇರ ಆ ಅಂಗಡಿಗೇ ನಡೆದರು. ಸಾಲಿನ ವ್ಯಾಪಾರಿಗಳೆಲ್ಲ ಹಿಂದೆಯೇ ಬಂದು ನಿಂತರು. ಒದ್ದೆ ಮಾಲು ಸಿಕ್ಕಿಯೂ ತಮ್ಮನನ್ನು ಬಿಟ್ಟರೆ ನಾಳೆ ಇವರ ಮಾತನ್ನು ಯಾರೂ ಕೇಳುವುದಿಲ್ಲ. ಹಿಡಿದರೆ ಅಂಗಡಿಯ ಲೈಸೆನ್ಸ್ ಹೋಗುತ್ತದೆ.

ತಳದ ಕಾಯಿ ತೆಗೆದು ಅಲ್ಲಾಡಿಸಿದರು. ಪಕ್ಕದಲ್ಲೇ ನಿಂತಿದ್ದ ನನಗೆ ಏನೂ ಕೇಳಿಸಲಿಲ್ಲ.

"ಅಕ್ಕಾ, ಈ ಅಂಗಡಿ ಕಟ್ಟಿದಾಕಿ ನೀನ ಅಲ್ಲೇನ?" ಸಣ್ಣ ದನಿಯಲ್ಲಿ ಕೇಳಿದ ತಮ್ಮ.

"ಹೌದಪಾ, ಅದಕ್ಕ ಮೊದಲ ಇಲ್ಲಿಗೆ ಬಂದೆ. ತಗೋ, ಎಲ್ಲಾರ ಮುಂದ ನೀನ ಅಲ್ಲಾಡಿಸಿ ಹೇಳು."

ಅವನು ಕಾಯಿಯನ್ನು ಕಿವಿಯತನಕ ಒಯ್ದ. ಅಲ್ಲಾಡಿಸಲಿಲ್ಲ. ಗೋಡೆಗೆ ತೂಗುಹಾಕಿದ್ದ ಲೈಸೆನ್ಸನ್ನು ತಾನೇ ಇಳಿಸಿ, ಧೂಳು ಒರೆಸಿ, ಅಕ್ಕನ ಕೈಗಿಟ್ಟ.

ನಾನು ಹಿಂತಿರುಗಿ ನೋಡಿದರೆ ಅಲ್ಲಿ ಒಬ್ಬ ವ್ಯಾಪಾರಿಯೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಅಂಗಡಿಯ ಚೀಲಗಳನ್ನು ಬಿಸಿಲಿಗೆ ಎಳೆಯುತ್ತಿದ್ದರು.